“ಮಿಷನ್ನಿಗೆ ಹಾಕ್ಬೇಡಿ” ಅಂದರೆ ಸಾಲದು

ಎಪ್ಪತ್ತು ದಾಟಿದ ತಾಯಿ, ಹಾಸನದ ಕಡೆಯವರು. ಉಸಿರಾಟ ಕಷ್ಟವಾಗಿಸುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಸಿಒಪಿಡಿ ಇದೆ. ಮಗಳು ಅದೇ ಊರಲ್ಲಿ, ಮಗ ಬೆಂಗಳೂರಲ್ಲಿ. ಯಜಮಾನರು ಐಸಿಯುನಲ್ಲಿ ವೆಂಟಿಲೇಟರ್ ಮೇಲೆಯೇ ತೀರಿಕೊಂಡಿದ್ದರು. ಅಂದಿನಿಂದ ತಾಯಿಯದು ಒಂದೇ ಮಾತು: “ನನ್ನ ಆ ಮಿಷನ್ನಿಗೆ ಹಾಕ್ಬೇಡಿ.” ಮಗನದೂ ಒಂದೇ ಉತ್ತರ: “ಬಿಡ್ತು ಅನ್ನಮ್ಮ.” ಇದೇ ಜಗಳ ಹೊತ್ತು ಸಲಹೆಗೆಂದು ನನ್ನ ಬಳಿ ಬರುವ ಮನೆಗಳು ಬಹಳ. ಅದಕ್ಕೇ ಗುರುತು ಮರೆಸಿ ಬರೆಯುತ್ತಿದ್ದೇನೆ.

ಎರಡನೇ ಭೇಟಿಯಲ್ಲಿ ಮೂವರನ್ನೂ ಕೂರಿಸಿ ಕೇಳಿದೆ: “ಅಮ್ಮ, ಮಿಷನ್ನಿನಲ್ಲಿ ನಿಮಗೆ ಬೇಡವಾದದ್ದು ಯಾವುದು?”

“ಅವ್ರಿಗೆ ಕೈ ಕಟ್ಟಿದ್ರು ಕಣಪ್ಪ. ನನ್ನೇ ನೋಡ್ತಿದ್ರು, ಬಿಚ್ಚಕ್ಕೆ ಬಿಡ್ಲಿಲ್ಲ.”

ಗಂಟಲಿನ ನಳಿಕೆ ಕಿತ್ತುಕೊಳ್ಳದಿರಲೆಂದು ಕೆಲವೊಮ್ಮೆ ಕೈ ಕಟ್ಟುತ್ತಾರೆ. ಅದನ್ನು ಇವರಿಗೆ ಯಾರೂ ಹೇಳಿರಲಿಲ್ಲ. “ನ್ಯುಮೋನಿಯಾ ಬಂದು, ನಾಲ್ಕೈದು ದಿನ ಹಾಕಿದರೆ ಗುಣವಾಗಬಹುದು ಅಂತ ಡಾಕ್ಟರ್ ಅಂದರೆ?” ಎಂದು ಕೇಳಿದೆ.

“ಎದ್ದು ಓಡಾಡಂಗಿದ್ರೆ ಹಾಕ್ಲಿ. ಎದ್ದೇಳಲ್ಲ ಅಂತ ಗೊತ್ತಾದ್ಮೇಲೆ ಬೇಡ.”

ಮಗನಿಗೆ ಅಷ್ಟು ವರ್ಷ ಕೇಳಿಸಿದ್ದು ಚಿಕಿತ್ಸೆಯೇ ಬೇಡ ಎಂದು. ಅದೇ ಅರ್ಥ ಹಿಡಿದಿದ್ದರೆ ಮಾಸ್ಕ್ ಮೂಲಕ ಉಸಿರಿಗೆ ನೆರವಾಗುವ ಬೈಪ್ಯಾಪ್ ಕೂಡ ತಪ್ಪುತ್ತಿತ್ತು. ಸಿಒಪಿಡಿ ಉಲ್ಬಣಿಸಿದಾಗ ಎಷ್ಟೋ ಜನ ಅದರಿಂದಲೇ ಚೇತರಿಸಿಕೊಳ್ಳುತ್ತಾರೆ. ಹಾಗಾಗಿ ಮೊದಲು ಶ್ವಾಸಕೋಶದ ವೈದ್ಯರ ಹತ್ತಿರ ಕೂತು ಬೈಪ್ಯಾಪ್, ಗಂಟಲ ನಳಿಕೆ, ಮೂಗಿನ ಮೂಲಕ ಆಹಾರ, ಹೃದಯ ನಿಂತಾಗ ಎದೆ ಒತ್ತುವುದು, ಒಂದೊಂದಕ್ಕೂ ಯಾವ ಸ್ಥಿತಿಯಲ್ಲಿ ಬೇಕು, ಯಾವಾಗ ನಿಲ್ಲಿಸಬೇಕು ಎಂದು ಬರೆಯಲು ಹೇಳಿದೆ. ನೋವು, ಉಬ್ಬಸಕ್ಕೆ ಔಷಧ ಕೊನೆತನಕ ಬೇಕು ಎಂಬುದೂ ಅದರಲ್ಲಿರಬೇಕು.

ಸುಪ್ರೀಂ ಕೋರ್ಟ್ 2018ರಲ್ಲಿ ಇಂಥ ಪತ್ರವನ್ನು, ಅಂದರೆ ಮುಂಗಡ ವೈದ್ಯಕೀಯ ನಿರ್ದೇಶನವನ್ನು ಒಪ್ಪಿತು, 2023ರ ಜನವರಿಯಲ್ಲಿ ಕ್ರಮವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಕರ್ನಾಟಕದ ಆರೋಗ್ಯ ಇಲಾಖೆಯೂ 2025ರ ಜನವರಿಯಲ್ಲಿ ಇದರ ಬಗ್ಗೆ ಸುತ್ತೋಲೆ ಹೊರಡಿಸಿದೆ. ಪತ್ರ ತೋರಿಸಿದ ಕೂಡಲೇ ಯಾರೂ ಯಂತ್ರ ತೆಗೆಯುವುದಿಲ್ಲ. ರೋಗಿ ತಾನೇ ನಿರ್ಧರಿಸಲಾಗದೆ, ಚೇತರಿಕೆಯ ಭರವಸೆಯೂ ಇಲ್ಲದಾಗ ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕು.

ತನ್ನ ಪರವಾಗಿ ಮಾತಾಡಲು ತಾಯಿ ಹೆಸರಿಸಿದ್ದು ಮಗಳನ್ನು. ಹಿರಿಮಗನಿದ್ದೂ ಹೀಗೆ ಮಾಡಿಸಿ ಮನೆ ಒಡೆದಿರಿ ಎಂದು ನೆಂಟರೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಹತ್ತಿರವಿರುವವರು, “ಸಾಕು” ಎನ್ನುವ ಧೈರ್ಯ ಇರುವವರು ಬೇಕು. ಈ ಮಗನಿಗೆ ಆ ಧೈರ್ಯವಿರಲಿಲ್ಲ, ಅವನೇ ಹೇಳಿದ. ಆದರೆ ಆಯ್ಕೆಯ ಕಾರಣವನ್ನು ತಾಯಿಯೇ ಮಗನ ಎದುರು ಹೇಳಬೇಕೆಂದು ಒತ್ತಾಯಿಸಿದೆ. ಐಸಿಯು ಬಾಗಿಲಲ್ಲಿ ಗೊತ್ತಾದರೆ ಅಣ್ಣ-ತಂಗಿ ಜನ್ಮಕ್ಕೂ ಮಾತಾಡುವುದಿಲ್ಲ.

ಇದನ್ನು ಉಯಿಲಿನ ಜೊತೆ ಬೆರೆಸಬೇಡಿ. ಉಯಿಲು ತೆರೆಯುವುದು ಸತ್ತ ಮೇಲೆ. ಬ್ಯಾಂಕ್ ಲಾಕರಿನಲ್ಲೂ ಇಡಬೇಡಿ, ರಾತ್ರಿ ಎರಡು ಗಂಟೆಗೆ ಲಾಕರ್ ಯಾರು ತೆಗೆಯುತ್ತಾರೆ? ಒಂದು ಪ್ರತಿ ಚಿಕಿತ್ಸೆಯ ಫೈಲಿನಲ್ಲಿ, ಒಂದು ಮನೆ ವೈದ್ಯರಲ್ಲಿ, ಒಂದು ನಗರಸಭೆ ಅಥವಾ ಪಂಚಾಯಿತಿಯ ನಿಯೋಜಿತ ಅಧಿಕಾರಿಗೆ, ಫೋಟೊ ಇಬ್ಬರು ಮಕ್ಕಳ ಫೋನಿನಲ್ಲೂ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರವಣಿಗೆಯಲ್ಲಿ ರದ್ದುಮಾಡಬಹುದು. ಆಸ್ಪತ್ರೆಯಿಂದ ಬಂದಾಗಲೆಲ್ಲ ಒಮ್ಮೆ ಓದಿಸಿ ಕೇಳಿ ಎಂದು ಮಗಳಿಗೆ ಹೇಳಿದ್ದೇನೆ.