ಡಿಡಿ-214ರಲ್ಲಿ ಬಿಟ್ಟುಹೋದ ಯುದ್ಧ ಪದಕಗಳನ್ನು ಈಗ ಸೇರಿಸಬಹುದೇ?

ಖಂಡಿತ ಸೇರಿಸಬಹುದು. ವಿಯೆಟ್ನಾಂನಲ್ಲಿ ಅಮೆರಿಕದ ಸೇನೆಯ ಪದಾತಿ ಸೈನಿಕರಾಗಿದ್ದ ನಿಮ್ಮ ಮಾವನವರಿಗೆ ಗಾಯವಾಗಿತ್ತು, ಆದರೂ ಬಿಡುಗಡೆ ಪತ್ರವಾದ ಡಿಡಿ-214ರಲ್ಲಿ ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ಪರ್ಪಲ್ ಹಾರ್ಟ್ ಪದಕ ಇಲ್ಲ ಎಂದಿದ್ದೀರಿ. ಇಷ್ಟು ವರ್ಷ ಕಳೆದರೂ ಕೇಳುವುದು ಅವರ ಹಕ್ಕು.

ಮೊದಲು ಸೇಂಟ್ ಲೂಯಿಸ್‌ನ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಬರೆದು ಪೂರ್ತಿ ಕಡತ ತರಿಸಿಕೊಳ್ಳಿ. ಪದಕದ ಆದೇಶ ಕಡತದಲ್ಲೇ ಇದ್ದು, ಪತ್ರಕ್ಕೆ ಮಾತ್ರ ಏರದೆ ಉಳಿದಿದ್ದರೆ ಕೆಲಸ ಸುಲಭ. ಡಿಡಿ-215 ಎಂಬ ತಿದ್ದುಪಡಿ ಪತ್ರ ಕೊಡುತ್ತಾರೆ.

ಆದೇಶವೇ ಇಲ್ಲದಿದ್ದರೆ ಡಿಡಿ-149 ಅರ್ಜಿಯನ್ನು ಸೇನಾ ದಾಖಲೆ ತಿದ್ದುಪಡಿ ಮಂಡಳಿಗೆ ಕಳಿಸಬೇಕು. ತಪ್ಪು ಗೊತ್ತಾದ 3 ವರ್ಷದೊಳಗೆ ಎಂಬ ನಿಯಮವಿದೆ, ಆದರೆ ನ್ಯಾಯದ ದೃಷ್ಟಿಯಿಂದ ಮಂಡಳಿ ಅದನ್ನು ಬದಿಗಿಡಬಹುದು.

ಇಲ್ಲಿ ಎಲ್ಲವೂ ಪುರಾವೆಯ ಮೇಲೆ ನಿಂತಿದೆ. ಸುಮ್ನೆ ‘ನನಗೆ ಗಾಯವಾಗಿತ್ತು’ ಎಂದರೆ ಸಾಲದು. ಗಾಯ ಶತ್ರುವಿನ ದಾಳಿಯಿಂದಲೇ ಆಗಿದ್ದು, ಅದಕ್ಕೆ ಚಿಕಿತ್ಸೆ ಬೇಕಾಗಿತ್ತು ಎಂಬುದು ಕಾಣಬೇಕು. ಆಸ್ಪತ್ರೆ ಚೀಟಿ, ತುಕಡಿಯ ದಿನಚರಿ, ಆಗ ಮನೆಗೆ ಬಂದ ತಂತಿ, ಕಣ್ಣಾರೆ ಕಂಡ ಜೊತೆಗಾರರ ಸಹಿ ಮಾಡಿದ ಹೇಳಿಕೆ, ಎಲ್ಲವನ್ನೂ ಲಗತ್ತಿಸಿ. ನನ್ನ ಪ್ರಕಾರ ಜೊತೆಗಾರರನ್ನು ಇವತ್ತೇ ಹುಡುಕಲು ಶುರು ಮಾಡಿ. ಅವರಿಗೂ ವಯಸ್ಸಾಗಿದೆ ಅಲ್ವಾ?

ಕದನದಲ್ಲಿ ಪಾಲ್ಗೊಂಡ ಪದಾತಿ ಸೈನಿಕರಿಗೆ ಕೊಡುವ ಕಾಂಬ್ಯಾಟ್ ಇನ್‌ಫ಼ೆಂಟ್ರಿಮನ್ ಬ್ಯಾಡ್ಜ್ ಕೂಡ ಇಲ್ಲವೆಂದರೆ ಅದೇ ಅರ್ಜಿಯಲ್ಲಿ ಕೇಳಿ. ಪದಾತಿ ಹುದ್ದೆ, ಪದಾತಿ ತುಕಡಿ, ಕದನದಲ್ಲಿ ಖುದ್ದು ಹಾಜರಿ, ಈ ಮೂರನ್ನೂ ತೋರಿಸಬೇಕು.

ಮೂಲ ಕಾಗದ ಕಳಿಸಬೇಡಿ, ನಕಲು ಸಾಕು.