ಗ್ಯಾಸ್ ನಿಲ್ಸಿದ್ರೆ ರಷ್ಯಾಕ್ಕೇ ನಷ್ಟ ಅಲ್ವಾ, ಮತ್ತೆ ಅದ್ರಿಂದ ಬೇರೆ ದೇಶಗಳನ್ನ ಹೆದರಿಸೋದು ಹೇಗೆ?

ನಷ್ಟ ಹೌದು. ಆದ್ರೆ ಮೊದ್ಲು ಯಾರ ಕೈಲಿ ತಡೆಯಕ್ಕಾಗಲ್ಲ ಅನ್ನೋದೇ ಮುಖ್ಯ. ಮಾರೋನಿಗೆ ನಾಲ್ಕು ತಿಂಗ್ಳು ದುಡ್ಡು ಬರ್ದೇ ಇದ್ರೂ ಹೇಗೋ ನಡೆಯುತ್ತೆ, ಕೊಳ್ಳೋನಿಗೆ ಜನವರಿ ಚಳೀಲಿ ಹೀಟರ್ ನಿಂತ್ರೆ ನಡೆಯಲ್ಲ.

2009ರ ಜನವರೀಲಿ ಹೀಗೇ ಆಗಿದ್ದು. ರಷ್ಯಾಕ್ಕೂ ಉಕ್ರೇನಿಗೂ ರೇಟಿನ ಜಗಳ, ಉಕ್ರೇನ್ ದಾಟಿ ಹೋಗೋ ಗ್ಯಾಸ್ ಹೆಚ್ಚುಕಮ್ಮಿ ಎರಡು ವಾರ ಬಂದ್, ಜಗಳಕ್ಕೆ ಸಂಬಂಧವೇ ಇಲ್ದಿರೋ ಬಲ್ಗೇರಿಯಾ, ಸ್ಲೊವಾಕಿಯಾ ಜನ ನಡುಗಿದ್ರು, ನಂಗೆ ಇವತ್ತಿಗೂ ಸಿಟ್ಟು ಬರೋದು ಅದಕ್ಕೇ. ಎಣ್ಣೆ ಆದ್ರೆ ಇವನಲ್ದಿದ್ರೆ ಇನ್ನೊಬ್ಬನ ಹತ್ರ ಹಡಗಲ್ಲಿ ತರಿಸ್ಬಹುದು, ಪೈಪ್ ಗ್ಯಾಸಿಗೆ ಅಷ್ಟು ಸುಲಭದ ದಾರಿ ಇಲ್ಲ. ನಮ್ಮ ತೀರ್ಥಹಳ್ಳಿ ಕಡೆ ಗುಡ್ಡದ ಅಬ್ಬಿ ನೀರನ್ನ ಮೇಲ್ಗಡೆ ತೋಟದವರ ಜಾಗದಲ್ಲಿ ಪೈಪ್ ಹಾಕಿ ಮನೆಗೆ ತರ್ತಾರಲ್ಲ, ಮೇಲಿನವರು ಒಂದಿನಾನೂ ನೀರು ನಿಲ್ಸಿರಲ್ಲ, ಆದ್ರೂ ಬೇಲಿ ವಿಷ್ಯ ಬಂದಾಗ ಕೆಳಗಿನವರು ದನಿ ಎತ್ತಲ್ಲ. ಒತ್ತಡ ಅಂದ್ರೆ ಅದೇ, ನಿಲ್ಸೋ ಮುಂಚೆನೇ ಕೆಲ್ಸ ಮಾಡುತ್ತೆ.

ನಿಜವಾಗ್ಲೂ ನಿಲ್ಸಿಬಿಟ್ರೆ ಆ ಹಿಡಿತ ಹೋಗುತ್ತೆ. 2022ರಲ್ಲಿ ಗ್ಯಾಸಿನ ದುಡ್ಡನ್ನ ರಷ್ಯಾದ ರೂಬಲ್ಲಲ್ಲಿ ಕೊಡಲ್ಲ ಅಂದಿದ್ದಕ್ಕೆ ಏಪ್ರಿಲ್‌ನಲ್ಲಿ ಪೋಲೆಂಡ್, ಬಲ್ಗೇರಿಯಾಗೆ ಕಟ್, ಸೆಪ್ಟೆಂಬರ್ ಹೊತ್ತಿಗೆ ಜರ್ಮನಿಗೆ ಹೋಗೋ ನಾರ್ಡ್ ಸ್ಟ್ರೀಮ್ ಅನ್ನೋ ಪೈಪೂ ಬಂದ್. ಯುರೋಪಿನವರು ದುಬಾರಿ ಕೊಟ್ಟು ಹಡಗಲ್ಲಿ, ತೀರಾ ತಣ್ಣಗೆ ಮಾಡಿ ದ್ರವವಾಗಿಸಿದ ಗ್ಯಾಸ್, ಅಂದ್ರೆ ಎಲ್‌ಎನ್‌ಜಿ ತರಿಸ್ಕೊಂಡ್ರು, ಜರ್ಮನಿ ಡಿಸೆಂಬರಲ್ಲೇ ಅದನ್ನ ಇಳಿಸ್ಕೊಳ್ಳೋ ಟರ್ಮಿನಲ್ ಶುರು ಮಾಡ್ತು, ಕಾರ್ಖಾನೆಗಳು ಪಾಪ ತುಂಬಾ ಹೊಡ್ತ ತಿಂದ್ವು, ಆದ್ರೆ 2023ರಲ್ಲಿ ರಷ್ಯಾದ ಸರ್ಕಾರಿ ಗ್ಯಾಸ್‌ಪ್ರಾಮ್ ಕಂಪನಿನೂ ಇಪ್ಪತ್ತು ವರ್ಷದ ಮೇಲೆ ಮೊದಲ್ನೇ ಸಲ ವಾರ್ಷಿಕ ನಷ್ಟ ತೋರಿಸ್ತು. ಲಿಥುವೇನಿಯಾ ಇನ್ನೂ ಜಾಣತನ ಮಾಡಿತ್ತು, 2014ರಲ್ಲೇ ಎಲ್‌ಎನ್‌ಜಿ ಇಳಿಸ್ಕೊಂಡು ಮತ್ತೆ ಗ್ಯಾಸ್ ಮಾಡೋ ಹಡಗನ್ನೇ ತರಿಸ್ಕೊಳ್ತು, ಅದು ಬರೋ ಮುಂಚೆನೇ ರಷ್ಯಾದವರು ರೇಟು ಇಳಿಸಿದ್ರು.

ನಮ್ಮ ದೇಶದ್ದು ಕೇಳಿದ್ರೆ, ಕಚ್ಚಾ ತೈಲ ಶೇ. 85ಕ್ಕಿಂತ ಜಾಸ್ತಿ ಹೊರಗಿಂದಾನೇ. ಅದಕ್ಕೇ ಘಟ್ಟದ ಕೆಳಗೆ ಪಾದೂರಲ್ಲಿ ಬಂಡೆ ಕೊರೆದು 25 ಲಕ್ಷ ಟನ್, ಮಂಗಳೂರಲ್ಲಿ 15 ಲಕ್ಷ ಟನ್ ಹಿಡಿಯೋ ಗುಹೆ ಮಾಡಿದ್ದಾರೆ, ಒಳ್ಳೆ ಕೆಲ್ಸ. ಆದ್ರೆ ಅದು ಕಚ್ಚಾ ತೈಲಕ್ಕೆ. ಅಡುಗೆ ಗ್ಯಾಸ್ ಸುಮಾರು ಶೇ. 60 ಹೊರಗಿಂದ ಬರೋದು, ಅದ್ರಲ್ಲಿ ಬಹುಪಾಲು ಇರಾನ್ ಪಕ್ಕದ ಹಾರ್ಮುಝ್ ಜಲಸಂಧಿ ದಾಟಿ ಬರ್ಬೇಕು. ನಮ್ಮಲ್ಲಿ ಬಚ್ಚಲೊಲೆ, ಅಡಿಕೆ ಬೇಯಿಸೋದು ಬಿಟ್ರೆ ಈಗ ಎಲ್ಲಾ ಸಿಲಿಂಡರೇ ಅಲ್ವಾ, ಹಂಗಾಗಿ ನಂಗೆ ಯುರೋಪಿನ ಪೈಪಿಗಿಂತ ಇದೇ ದೊಡ್ಡ ಚಿಂತೆ.