ದಬ್ ಅಂದ ಹಂಚು

ನಮಸ್ಕಾರ,

ಊರಿನ ಹಂಚಿನ ಮನೆಯ ಬಗ್ಗೆ ನೀವು ಕಳಿಸಿದ ಪ್ರಬಂಧ ತಲುಪಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಗೆ ತೆಗೆದುಕೊಳ್ಳಲು ಆಗುವುದಿಲ್ಲ. ಆದರೆ ಸುಮ್ನೆ 'ವಿಷಾದಿಸುತ್ತೇವೆ' ಎಂದು ವಾಪಸ್ ಕಳಿಸಲೂ ಮನಸ್ಸಾಗಲಿಲ್ಲ. ಅದಕ್ಕೆ ಕಾರಣ ನಿಮ್ಮ ಐದನೇ ಪುಟ.

ಮೊದಲ ನಾಲ್ಕು ಪುಟದಲ್ಲಿ ಹಂಚು ಏನೇನೋ ಆಗುತ್ತದೆ. ಅಮ್ಮನ ಸೆರಗಾಗುತ್ತದೆ, ಸಂಜೆಯ ಆಕಾಶವಾಗುತ್ತದೆ, ಕಳೆದುಹೋದ ಬಾಲ್ಯವಾಗುತ್ತದೆ. ಹಂಚು ಮಾತ್ರ ಆಗುವುದಿಲ್ಲ. 'ಸೌಂದರ್ಯ' ಎಂಬ ಪದ ಹನ್ನೊಂದು ಸಲ ಬಂದಿದೆ. (ಎಣಿಸುವುದು ನನ್ನ ಕೆಟ್ಟ ಚಟ.)

ಐದನೇ ಪುಟದಲ್ಲಿ ಮಳೆಗಾಲಕ್ಕೆ ಮುಂಚೆ ನಿಮ್ಮ ಅಜ್ಜ ಮಾಡಿಗೆ ಹತ್ತುತ್ತಾರೆ. ಒಂದೊಂದೇ ಹಂಚನ್ನು ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ತಟ್ಟುತ್ತಾರೆ. ಟಣ್ ಅಂದರೆ ರೀಪಿನ (ಹಂಚು ಕೂರುವ ಮರದ ಪಟ್ಟಿಯ) ಮೇಲೆ, ದಬ್ ಅಂದರೆ ಪಕ್ಕಕ್ಕೆ. ಇಷ್ಟು ಒಳ್ಳೆಯದನ್ನು ಎರಡೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಲ್ಲ! ಚೆನ್ನಾಗಿ ಬೆಂದ ಹಂಚು ಕಂಚಿನ ಹಾಗೆ ದನಿ ಕೊಡುತ್ತದೆ. ಎಲ್ಲೋ ಕೂದಲೆಳೆಯಷ್ಟು ಬಿರುಕಿದ್ದರೂ ಆ ದನಿ ಸತ್ತುಹೋಗುತ್ತದೆ. ಕಣ್ಣಿಗೆ ಕಾಣದ್ದು ಅಜ್ಜನ ಕಿವಿಗೆ ಸಿಗುತ್ತಿತ್ತು. ನೀವು ನಾಲ್ಕು ಪುಟ ಹುಡುಕಿದ್ದು ಇದನ್ನೇ ಅಲ್ವಾ?

ಒಂದು ಹಂಚನ್ನು ಕೆಳಗಿಳಿಸಿ, ಮಗುಚಿ ನೋಡಿ. ಹಿಂಬದಿಯಲ್ಲಿ ರೀಪಿಗೆ ಸಿಕ್ಕಿಕೊಳ್ಳುವ ಉಬ್ಬು ಇದೆ. ಅಂಚಿನಲ್ಲಿ ಪಕ್ಕದ ಹಂಚು ಬಂದು ಕೂರುವ, ಕಾಲುವೆಯಂಥ ತಗ್ಗು ಇದೆ. ಗಾರೆ ಬೇಕಿಲ್ಲ, ತನ್ನ ಭಾರಕ್ಕೆ ತಾನೇ ಕೂರುತ್ತದೆ. ಕರಾವಳಿಯ ನಾಲ್ಕು ತಿಂಗಳ ಮಳೆಯನ್ನು ಅಷ್ಟು ಸಣ್ಣ ತಗ್ಗು ತಡೆದು ಸೂರಿನಾಚೆ ದಾಟಿಸುತ್ತದೆ. ನಿಮ್ಮ ಬರಹದಲ್ಲಿ ಇದ್ಯಾವುದೂ ಇಲ್ಲ. 'ಸೂರ್ಯ ಬಳಿದ ಕೆಂಪು' ಇದೆ. ಆ ಕೆಂಪು ಮಣ್ಣಿನೊಳಗಿನ ಕಬ್ಬಿಣದ್ದು, ಗೂಡಿನ ಬೆಂಕಿಯಲ್ಲಿ ಹೊರಗೆ ಬಂದದ್ದು. ನನಗೇನೋ ಸೂರ್ಯನಿಗಿಂತ ಇದೇ ಜಾಸ್ತಿ ಇಷ್ಟ.

ಒಂದು ತಪ್ಪೂ ಇದೆ. 'ನಮ್ಮ ಹಂಚು 1865ರದ್ದು, ಅದರ ಮೇಲೇ ಬರೆದಿದೆ' ಎಂದಿದ್ದೀರಿ. ಮನೆ ಕಟ್ಟಿದ್ದು 1928ರಲ್ಲಿ ಎಂದೂ ನೀವೇ ಬರೆದಿದ್ದೀರಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯಲ್ಲಿ, ಹಂಚಿನ ಕಾರ್ಖಾನೆ ಶುರುಮಾಡಿದ ವರ್ಷ 1865. ಆಮೇಲೆ ತಯಾರಾದ ಹಂಚುಗಳ ಮೇಲೂ ಅದೇ ಇಸವಿಯನ್ನು ಅಚ್ಚೊತ್ತುತ್ತಿದ್ದರು. ನಾನೂ ಮೊದಲು ಮೋಸಹೋದವನೇ.

'ಕಾಂಕ್ರೀಟಿಗೆ ಜೀವವಿಲ್ಲ' ಎಂಬ ಕೊನೆಯ ಪ್ಯಾರಾ ತೆಗೆದುಬಿಡಿ. ಗಾರೆ ಬಳಿಯದೆ ಬಿಟ್ಟ ಯಾವುದಾದರೂ ಹಳೇ ತಾರಸಿಯ ಕೆಳಗೆ ನಿಂತು ತಲೆಯೆತ್ತಿ. ಕಾಂಕ್ರೀಟ್ ಸುರಿಯುವಾಗ ಕೆಳಗೆ ಕಟ್ಟಿದ್ದ ಸೆಂಟ್ರಿಂಗ್ ಹಲಗೆಯ ಗಂಟು, ಎಳೆ ಎಲ್ಲ ಹಾಗೇ ಅಚ್ಚಾಗಿರುತ್ತದೆ. ಹಲಗೆ ಯಾವತ್ತೋ ಒಲೆ ಸೇರಿರುತ್ತದೆ. ನೋಡದೆ ಬೈಯಬೇಡಿ.

ಮೊದಲ ನಾಲ್ಕು ಪುಟ ಬಿಟ್ಟು, ಅಜ್ಜ ಏಣಿ ಹತ್ತುವಲ್ಲಿಂದ ಶುರುಮಾಡಿ ಮತ್ತೆ ಬರೆದು ಕಳಿಸಿ. ಎಂಟುನೂರು ಪದ ಸಾಕು. ಅವರು ಈಗಲೂ ಇದ್ದರೆ ಒಂದು ವಿಷಯ ಕೇಳಿಕೊಂಡು ಬನ್ನಿ: ದಬ್ ಅಂದ ಹಂಚುಗಳನ್ನೆಲ್ಲ ಏನು ಮಾಡುತ್ತಿದ್ದರು? ನಮ್ಮ ಮನೆಯಲ್ಲಿ ಮಲ್ಲಿಗೆ ಗಿಡದ ಬುಡಕ್ಕೆ ಸುತ್ತ ನಿಲ್ಲಿಸುತ್ತಿದ್ದರು.